ಬಲಭುಜದ ಅಳತೆ

ನನ್ನ ಮೂಗು ಅಷ್ಟು ದಪ್ಪವಿಲ್ಲ. ಮಗಳು ಬರೆದ ಚಿತ್ರ ನೋಡಿ ನಾನು ಆಡಿದ ಮೊದಲ ಮಾತು ಅದೇ.

ಅವಳು ಅನಿಮೇಷನ್ ಕಲಿಯುತ್ತಾಳೆ, ಕೊನೆಯ ವರ್ಷ. ಎರಡು ನಿಮಿಷದ ಸಿನಿಮಾಕ್ಕೆ ಒಂದು ಪಾತ್ರ, ಆ ಪಾತ್ರ ಇರುವ ಕೋಣೆ, ಇವೆರಡನ್ನೂ ಬರೆದು ತೋರಿಸಬೇಕು. ತರಗತಿಯ ಹನ್ನೆರಡು ಜನರಲ್ಲಿ ಒಬ್ಬರದ್ದು ಮಾತ್ರ ಆಯ್ಕೆಯಾಗುತ್ತದೆ. ಆಮೇಲೆ ಎಲ್ಲರೂ ಸೇರಿ ಅದನ್ನೇ ಸಿನಿಮಾ ಮಾಡುತ್ತಾರೆ. ಮೇಷ್ಟ್ರು ಇವಳದನ್ನು "ಜೀವ ಇಲ್ಲ" ಎಂದು ಎರಡು ಸಲ ವಾಪಸ್ ಕಳಿಸಿದ್ದರು. ಮೂರನೆಯದೇ ಕೊನೆಯ ಅವಕಾಶ. ಪಾತ್ರ, ಕೋಟು ಹೊಲಿಯುವ ಹೆಂಗಸು. ಯಾರೆಂದು ಅವಳು ಹೇಳಿರಲಿಲ್ಲ, ಮೂಗು ಗುಟ್ಟು ಬಿಟ್ಟುಕೊಟ್ಟಿತ್ತು.

ಹಾಳೆಯಲ್ಲಿ ಅದೇ ಹೆಂಗಸು ಮೂರು ಸಲ ನಿಂತಿದ್ದಳು: ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ. ಇಪ್ಪತ್ತೆಂಟು ವರ್ಷ ಜನರ ಮೈ ಅಳೆದ ಕೈ ಸುಮ್ಮನಿರುತ್ತದೆಯೇ? ಕತ್ತಿನಲ್ಲಿದ್ದ ಟೇಪು ತೆಗೆದು ಹಾಳೆಯ ಮೇಲಿಟ್ಟೆ.

"ಅಮ್ಮಾ, ಇವಳೇನು ನಿನ್ನ ಗಿರಾಕಿ ಅಂದ್ಕೊಂಡ್ಯಾ?"

"ಮುಂದಿಂದ ನೋಡಿದ್ರೆ ಮೊಣಕೈ ಸೊಂಟಕ್ಕೆ ಬರುತ್ತೆ, ಪಕ್ಕದಿಂದ ನೋಡಿದ್ರೆ ಎದೆ ಹತ್ರಾನೇ ನಿಂತ್ಬಿಡುತ್ತೆ. ಇವ್ರು ಮೂರು ಜನ ಕಣೇ, ಒಬ್ಬಳಲ್ಲ."

ಮುಖ ಗಂಟಿಕ್ಕಿಕೊಂಡು ತಾನೂ ಅಳೆದು ನೋಡಿದಳು. ಆಮೇಲೆ "ಎದ್ದು ನಿಂತ್ಕೋ" ಎಂದಳು.

ಕಸುಬು ಹಿಡಿದ ಮೇಲೆ ಮೊದಲ ಸಲ ಇನ್ನೊಬ್ಬರು ನನ್ನನ್ನು ಅಳೆದರು. ಸದಾ ಮೈಮೇಲಿರುವ ಕೋಟು ಬೇರೆ ಬಿಚ್ಚಿಸಿದಳು. ನನ್ನ ಬಲಭುಜ ಎಡಕ್ಕಿಂತ ಎರಡು ಬೆರಳು ಕೆಳಗಿದೆ. ಕಬ್ಬಿಣದ ಇಸ್ತ್ರಿಪೆಟ್ಟಿಗೆ ಎತ್ತಿ ಎತ್ತಿ ಇಳಿದದ್ದು. ಗಿರಾಕಿಯ ಭುಜ ಹೀಗಿದ್ದರೆ ಕೋಟಿನೊಳಗೆ ಹತ್ತಿಯ ಪ್ಯಾಡ್ ಇಟ್ಟು ಸಮ ಮಾಡುತ್ತೇವೆ, ಅದನ್ನು ಯಾರಿಗೂ ಹೇಳುವುದಿಲ್ಲ. ನನ್ನ ಕೋಟಿಗೂ ಹಾಗೇ ಇಟ್ಟುಕೊಂಡಿದ್ದೆ. ಮಗಳಿಗೂ ಗೊತ್ತಿರಲಿಲ್ಲ.

"ಇಷ್ಟು ದಿನ ಯಾಕಮ್ಮಾ ಹೇಳ್ಲಿಲ್ಲ?"

"ಊರವ್ರ ಕೋಟು ಸರಿ ಮಾಡೋಳು ತಾನೇ ಸೊಟ್ಟಗಿದ್ದಾಳೆ ಅಂತ ಡಂಗುರ ಹೊಡೀಬೇಕಿತ್ತಾ? ಬೇಕಾದ್ರೆ ಬರ್ಕೋ. ಅದು ನಾನು ಅಂತ ಮಾತ್ರ ಯಾರಿಗೂ ಹೇಳ್ಬೇಡ. ನನ್ನಾಣೆ."

ಮೂರು ದಿನ ನನ್ನ ಅಂಗಡಿಯ ಮೂಲೆಯಲ್ಲಿ ಕೂತು ಕೋಣೆಯನ್ನೂ ಹೊಸದಾಗಿ ಬರೆದಳು. ಚಿತ್ರದಲ್ಲಿ ಇಸ್ತ್ರಿ ಮೇಜನ್ನು ಇಳಿದ ಭುಜಕ್ಕೆ ಸರಿಯಾಗಿ ಬಲಗಡೆಗೆ ತಂದು ತಗ್ಗಿಸಿದಳು. ಮೇಲಿನ ಗೂಡಿನಲ್ಲಿದ್ದ ಬಟ್ಟೆಯ ಸುರುಳಿಗಳನ್ನೆಲ್ಲ ಎಡಗೈಗೆ ಸಿಗುವಂತೆ ಇಟ್ಟಳು. ಕತ್ತರಿಯ ಜಾಗಕ್ಕಾಗಿ ನಮ್ಮಿಬ್ಬರಿಗೂ ಅರ್ಧ ದಿನ ಜಗಳವಾಯಿತು, ಗೆದ್ದವಳು ನಾನೇ.

ಆಯ್ಕೆಯ ದಿನ ಮನೆಯವರೂ ಬರಬಹುದಿತ್ತು. ಹಿಂದಿನ ಬೆಂಚಿನಲ್ಲಿ ಕೂತೆ. ಮೇಷ್ಟ್ರು ಇವಳ ಹಾಳೆಯ ಮುಂದೆ ತುಂಬಾ ಹೊತ್ತು ನಿಂತರು.

"ಮೂರೂ ಕಡೆ ಸರಿಯಾಗಿ ಕೂತಿದೆ. ಆದ್ರೆ ಈ ಬಲಭುಜ ಇಳಿದಿದೆಯಲ್ಲ, ಕೈತಪ್ಪಾ?"

"ಇಲ್ಲ ಸರ್, ಬೇಕಂತಲೇ."

"ಯಾರನ್ನ ನೋಡಿ ಬರೆದೆ? ನೋಡಿ ಬರೆದಿದ್ರೆ ಸರಿ. ಸುಮ್ನೆ ತೋಚಿದ ಹಾಗೆ ಬಗ್ಗಿಸಿದ್ರೆ ನಾನು ಒಪ್ಪಲ್ಲ."

ಮಗಳು ನನ್ನ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದಳು. ಮೇಷ್ಟ್ರು ಪಕ್ಕದ ಹಾಳೆಯ ಕಡೆ ಹೊರಟರು. ಎಂಥ ಮೊಂಡಿ! ನನಗೆ ಕೊಟ್ಟ ಮಾತಿಗಾಗಿ ಕೈಗೆ ಬಂದದ್ದನ್ನು ಬಿಡುತ್ತಿದ್ದಾಳೆ. ಸಿಟ್ಟಿನ ಜೊತೆಗೇ ಹೆಮ್ಮೆಯೂ ಉಕ್ಕಿತು.

ಎದ್ದು ಮುಂದೆ ನಡೆದೆ. ಅಷ್ಟೂ ಜನರೆದುರು ಕೋಟು ಬಿಚ್ಚಿ ಕುರ್ಚಿಯ ಮೇಲೆ ಹಾಕಿ, ಹಾಳೆಯ ಪಕ್ಕದಲ್ಲಿ ನಿಂತೆ.

"ಈ ಭುಜ ನಂದು ಸರ್. ಟೇಪು ತಂದಿದ್ದೀನಿ, ಅಳೆದು ನೋಡಿ. ನನ್ನ ಮಗಳ ಅಳತೆ ತಪ್ಪಲ್ಲ."

ಮೇಷ್ಟ್ರು ನನ್ನನ್ನು ನೋಡಿದರು, ಕೋಣೆಯ ಚಿತ್ರ ನೋಡಿದರು. "ಮೇಜು ತಗ್ಗಿರೋದು ಇದಕ್ಕೇನಾ?"

"ಹೌದು ಸರ್," ಎಂದಳು ಮಗಳು. ಈಗ ಅವಳ ದನಿ ಗಟ್ಟಿಯಾಗಿತ್ತು. "ಭುಜ ಸರಿ ಮಾಡಿದ್ರೆ ಇಡೀ ಕೋಣೆ ತಪ್ಪಾಗುತ್ತೆ."

ಅವರು ಮಿಕ್ಕ ಹಾಳೆಗಳನ್ನೂ ಒಮ್ಮೆ ನೋಡಿ ಬಂದು, ಜೇಬಿನಿಂದ ಪೆನ್ನು ತೆಗೆದು ಇವಳ ಹಾಳೆಯ ಕೆಳಗೆ 'ಆಯ್ಕೆ' ಎಂದು ಬರೆದು ಸಹಿ ಹಾಕಿದರು. ಉಳಿದ ಹನ್ನೊಂದು ಮಕ್ಕಳು ಪೆನ್ಸಿಲ್ ಹಿಡಿದು ನನ್ನನ್ನು ಸುತ್ತುವರಿದರು. "ಆಂಟಿ, ಸ್ವಲ್ಪ ಹಿಂದೆ ತಿರುಗಿ," "ಆಂಟಿ, ಅಲುಗಾಡ್ಬೇಡಿ." ಯಾರೋ ಒಬ್ಬಳು ಕೋಟು ತಂದು ಹೊದಿಸಲು ಬಂದಳು.

"ಅಲ್ಲೇ ಇರ್ಲಿ ಬಿಡಮ್ಮ," ಎಂದೆ. "ಭುಜ ಕಾಣ್ಬೇಕಲ್ಲ."