ಒಂದು ಕಲ್ಲು ಕಮ್ಮಿ

ಬಟ್ಟೆ ಒಗೆಯುವ ಕಲ್ಲಿನ ಬುಡಕ್ಕೆ ಹಾರೆ ತೂರಿಸಿ ಮಾಪಣ್ಣ ಮೈಭಾರ ಬಿಟ್ಟು ಒತ್ತಿದ. ಕಲ್ಲು ಮಿಸುಕಲಿಲ್ಲ, ಅವನಿಗೇ ಕೆಮ್ಮು ಬಂತು.

"ಹುಚ್ಚು ಹಿಡದದೇನ್ರಿ ನಿಮಗ? ನಾ ಅರಿಬಿ ಎಲ್ಲಿ ಒಗೀಲಿ?" ಹೆಂಡತಿ ಸಾವಿತ್ರಿಬಾಯಿ ಓಡಿಬಂದಳು.

"ಖಮರುದ್ದೀನಗ ಒಂದು ಕಲ್ಲು ಕಮ್ಮಿ ಬಿದ್ದದ."

ಅವಳು ತಾನೂ ಹಾರೆಗೆ ಕೈ ಹಚ್ಚಿದಳು.

ಗಣಿಯಲ್ಲಿ ಮಾಪಣ್ಣನ ಜೊತೆ ಕಲ್ಲು ಕಡಿಯುತ್ತಿದ್ದ ಖಮರುದ್ದೀನನ ಹೆಣ ಬೆಳಿಗ್ಗೆಯೇ ಕಲಬುರಗಿಯ ದವಾಖಾನೆಯಿಂದ ಕಮಲಾಪುರಕ್ಕೆ ಬಂದಿತ್ತು. ಮಧ್ಯಾಹ್ನದ ನಮಾಜಿನ ನಂತರ ಮಣ್ಣು. ಹೆಣದ ಮೇಲೆ ಮಣ್ಣು ಬೀಳದಂತೆ ಗೋರಿಯಲ್ಲಿ ಐದು ಹಾಸುಗಲ್ಲು ಅಡ್ಡ ಇಡಬೇಕು. ಅವನ ಹಿತ್ತಲಲ್ಲಿ ಉಳಿದದ್ದು ನಾಲ್ಕೇ.

*

ಟೈಲ್ಸು, ಸಿಮೆಂಟು ಬಂದು ಹಾಸುಗಲ್ಲು ಕೇಳುವವರಿಲ್ಲದೆ ಗಣಿ ಮುಚ್ಚಿದ ವಾರ, ಖಮರುದ್ದೀನ್ ಇಪ್ಪತ್ತು ಕಲ್ಲು ಕಡಿದು ಮನೆಗೆ ಸಾಗಿಸಿದ್ದ.

"ಮನಿ ಕಟ್ತಿಯೇನೋ?" ಎಂದು ಮಾಪಣ್ಣ ಚೇಷ್ಟೆ ಮಾಡಿದ್ದ.

"ಹೌದಪಾ, ನನಗೂ ನನ್ನ ಜೋಡಿ ದುಡದವರಿಗೂ ಕಡೀ ಮನಿ. ನಮ್ಮ ಖಣಿ ಮುಚ್ಚಿಸಿದ್ದು ಸಿಮೆಂಟು. ಸತ್ತಮ್ಯಾಲ ಅದರ ಕೆಳಗ ನಾ ಮಲಗಂಗಿಲ್ಲ. ನೀ ನೋಡ್ಕೋಬೇಕು."

ಗಣಿ ಮುಚ್ಚಿದರೂ ಅದರ ಧೂಳು ಇವರ ಎದೆ ಬಿಡಲಿಲ್ಲ. ಜೊತೆಗೆ ದುಡಿದವರು ಒಬ್ಬೊಬ್ಬರೇ ಕೆಮ್ಮಿ ಕೆಮ್ಮಿ ಸತ್ತರು. ಯಾರ ಮನೆಯವರು ಬಂದು ನಿಂತರೂ ಖಮರುದ್ದೀನ್ ಕಲ್ಲು ಕೊಟ್ಟ. ಇಲ್ಲ ಅನ್ನುವ ಬಾಯಿಯೇ ಅವನಿಗಿರಲಿಲ್ಲ. ಹೋದ ತಿಂಗಳು ಎತ್ತರದ ಆಳು ಕರೀಂಸಾಬನಿಗೆ ಆರು ಬೇಕಾಗಿ, ಖಮರುದ್ದೀನನ ಪಾಲಿನ ಒಂದೂ ಹೋಗಿತ್ತು.

*

ಖಮರುದ್ದೀನನ ಮಗ ಉಜೈರ್ ತನ್ನ ಆಟೊದಲ್ಲಿ ಸಿಮೆಂಟಿನ ಹಲಗೆ ತಂದು ಅಂಗಳದಲ್ಲಿಟ್ಟಿದ್ದ.

"ಕಲಬುರಗಿ ಎಲ್ಲಾ ತಿರಗೀನಿ ಕಾಕಾ. ಇಷ್ಟು ದಪ್ಪ ಕಲ್ಲು ಸಿಗಲಿಲ್ಲ. ಈಗ ಎಲ್ಲರಿಗೂ ಇದೇ ಹಾಕ್ತಾರ."

"ನಿಮ್ಮಪ್ಪಗ ಹಾಕಂಗಿಲ್ಲ." ಮಾಪಣ್ಣ ಕೈಗಾಡಿಯಿಂದ ಕಲ್ಲು ಇಳಿಸಿದ. ಸತ್ತವನು ಕೇಳಲು ಬರುವುದಿಲ್ಲವೆಂದು ಮಾತು ತಪ್ಪಲಾದೀತೇ?

ಹಿರಿಯರೊಬ್ಬರು ಗೊಣಗಿದರು. "ಅರಿಬಿ ಒಗದ ಕಲ್ಲು ಅಲ್ಲೇನ್ರಿ ಅದು?"

"ನನ್ನ ಮದವಿಗಿ ಅವನೇ ಕಡದು ಕೊಟ್ಟಿದ್ದ," ಎಂದ ಮಾಪಣ್ಣ.

ಖಮರುದ್ದೀನನ ಹೆಂಡತಿ ಜುಬೇದಾ ಪರದೆ ಸರಿಸಿ ಬಂದು ಕೂತಳು. ಕಲ್ಲಿನ ಮೇಲಿನ ಮಗ್ಗುಲು ಬಟ್ಟೆ ಬಡಿದು ನುಣ್ಣಗಾಗಿತ್ತು. ಮಣ್ಣಿನಲ್ಲಿದ್ದ ಮಗ್ಗುಲಿನಲ್ಲಿ ಉಳಿಯ ಗುರುತುಗಳು ಹಾಗೇ ಇದ್ದವು. ಅವಳು ಅವುಗಳ ಮೇಲೆ ಬೆರಳಾಡಿಸಿದಳು.

"ಇದು ಅವರದೇ ಕೈ. ತೊಳದು ಹಾಕ್ರಿ ಭಾಯಿ."

*

ಮಣ್ಣು ಮುಗಿಸಿ ಮಾಪಣ್ಣ ಮನೆಗೆ ಬಂದಾಗ, ಕಲ್ಲು ಕಿತ್ತ ಜಾಗದಲ್ಲಿ ಆ ಸಿಮೆಂಟಿನ ಹಲಗೆ ಕೂತಿತ್ತು. ಉಜೈರ್ ತಂದಿಟ್ಟು ಹೋಗಿದ್ದ.

ಸ್ನಾನ ಮಾಡಿ ಮಾಪಣ್ಣ ಕಟ್ಟೆಯ ಮೇಲೆ ಕೂತ. ಸಾವಿತ್ರಿಬಾಯಿ ಅವನ ಮಣ್ಣಾದ ಧೋತರವನ್ನು ಹಲಗೆಯ ಮೇಲೆ ಬಡಿಯತೊಡಗಿದಳು. ಬೂದಿಬಣ್ಣದ ನೀರು ಹರಿಯಿತು. ಅಷ್ಟರಲ್ಲಿ ಅವನಿಗೆ ಕೆಮ್ಮು ಹತ್ತಿತು. ಅದು ನಿಲ್ಲಲೆಂದು ಕಾಯುತ್ತ ಅವಳು ಎತ್ತಿದ ಧೋತರವನ್ನು ಹಾಗೇ ಹಿಡಿದು ನಿಂತಳು. ಧೋತರದ ನೀರೆಲ್ಲ ಸೋರಿ ಹೋದರೂ ಕೆಮ್ಮು ನಿಂತಿರಲಿಲ್ಲ, ಅವಳು ಕೈ ಇಳಿಸಿರಲಿಲ್ಲ.