ಗಂಡನ ಹೆಸರಿನ ಗುಳಿಗೆ

ರಂಗವ್ವನ ಹೊಟ್ಟೆಯಲ್ಲಿ ಇಲ್ಲದ ಕೂಸಿನ ಮೇಲೆ ಡಾಕ್ಟರಿಗೆ ಎಷ್ಟು ಕಾಳಜಿಯಿತ್ತೆಂದರೆ, ಎದುರಿಗೇ ನಿಂತಿದ್ದ ರಂಗವ್ವನ ಕಡೆ ನೋಡಲು ಅವರಿಗೆ ಪುರಸತ್ತಾಗಲಿಲ್ಲ.

ಎಪ್ಪತ್ತೊಂಬತ್ತನೆಯ ಇಸವಿಯ ಮಾತು. ರಂಗವ್ವನಿಗೆ ಎರಡು ವರ್ಷದಿಂದ ಫಿಟ್ಸ್ ಬರುತ್ತಿತ್ತು. ಬಾವಿಯ ಕಟ್ಟೆಯ ಮೇಲೆ, ಕುರಿ ಹಟ್ಟಿಯ ಬಾಗಿಲಲ್ಲಿ, ಎಲ್ಲೆಂದರಲ್ಲಿ ಕಣ್ಣು ಮೇಲೆ ಮಾಡಿ ಹಲ್ಲು ಕಚ್ಚಿ ಬಿದ್ದುಬಿಡುವಳು. ಆ ಸಲ ಯುಗಾದಿಯ ಹೊತ್ತಿಗೆ ರೊಟ್ಟಿ ಬಡಿಯುತ್ತ ಕೂತಾಗ ಬಿದ್ದು, ಕೈ ಕಾದ ಹಂಚಿನ ಮೇಲೇ ಉಳಿದು, ಮುಂಗೈಯಿಂದ ಮೊಣಕೈವರೆಗೆ ಸುಟ್ಟುಹೋಯಿತು. ಓಣಿಯ ಮಂದಿ ಓಡಿಬಂದರು. ಮೂಗಿಗೆ ಉಳ್ಳಾಗಡ್ಡಿ ಹಿಡಿದರು, ಕೈಯಲ್ಲಿ ಕಬ್ಬಿಣದ ಕೀಲಿ ಇಟ್ಟರು, ಎಚ್ಚರಾದ ಮೇಲೆ ಬುದ್ಧಿವಾದವನ್ನೂ ಹೇಳಿದರು. ಒಲೆ ಹಚ್ಚಬೇಡ, ನೀರಿಗೆ ಹೋಗಬೇಡ. ಹಾಗಾದರೆ ಮೂರು ಮಕ್ಕಳ ಹೊಟ್ಟೆಗೆ ರೊಟ್ಟಿ ಬಡಿಯುವವರು ಯಾರು ಎಂದು ಕೇಳಿದ್ದೇ ತಡ, ಬುದ್ಧಿವಾದದವರೆಲ್ಲ ತಮ್ಮ ತಮ್ಮ ಮನೆ ಸೇರಿದರು. ಈ ಸಲ ಕೈ ಬಿತ್ತು, ಮುಂದಿನ ಸಲ ಮುಖವೇ ಹಂಚಿಗೆ ಬಿದ್ದರೆ? ಒಲೆಯ ಮುಂದೆ ಕೂತಾಗಲೆಲ್ಲ ರಂಗವ್ವನಿಗೆ ಅದೊಂದೇ ಭಯ.

ಬಾದಾಮಿಯಿಂದ ಇಳಕಲ್ಲಿಗೆ ಹೋಗುವ ದಾರಿಯ ಒಂದು ಕ್ರಾಸಿನಲ್ಲಿ ಸರ್ಕಾರಿ ದವಾಖಾನೆ ಇತ್ತು. ಅಲ್ಲಿಗೆ ಮೈಸೂರು ಕಡೆಯಿಂದ ಹೊಸ ಡಾಕ್ಟರು ಬಂದಿದ್ದರು. ಕೆಟ್ಟವರಲ್ಲ. ಲಂಚ ಮುಟ್ಟುವವರಲ್ಲ, ದನಿ ಏರಿಸುವವರಲ್ಲ. ಬಹಳ ಜವಾಬ್ದಾರಿಯ ಮನುಷ್ಯರು, ತೊಂದರೆ ಬಂದದ್ದೂ ಅದರಿಂದಲೇ.

"ಗುಳಿಗೆ ಇದೆಯಮ್ಮ. ಆದರೆ ನಿನಗೆ ಕೊಡುವ ಹಾಗಿಲ್ಲ," ಎಂದರು. "ನಾಳೆ ನೀನು ಬಸುರಿಯಾದರೆ? ಹೊಟ್ಟೆಯಲ್ಲಿರೋ ಮಗುವಿಗೆ ಏನಾದರೂ ಆದರೆ?"

"ಹೊಟ್ಟ್ಯಾಗ ಏನೂ ಇಲ್ರಿ ಸಾಹೇಬ್ರ. ಮುಂಜಾನಿ ತಿಂದದ್ದು ಅರ್ಧ ರೊಟ್ಟಿ ಐತಿ, ಅಷ್ಟ."

"ಈಗ ಇಲ್ಲ ಅಂದಮಾತ್ರಕ್ಕೆ ಮುಂದೂ ಇರಲ್ಲ ಅಂತ ಹೇಗೆ ಹೇಳ್ತೀಯ?"

"ನಮ್ಮ ಮನಿಯಾಂವ ದೀಪಾವಳಿ ಮುಗಿಸಿ ಕುರಿ ಹೊಡಕೊಂಡು ಹೋಗ್ಯಾನ್ರಿ. ಇನ್ನ ಕಾರಹುಣ್ಣಿವಿಗೇ ಬರಾಂವ."

"ಬಂದೇ ಬರ್ತಾನಲ್ಲ!" ಎಂದು ಡಾಕ್ಟರು ಗೆದ್ದವರ ಹಾಗೆ ಕುರ್ಚಿಗೆ ಒರಗಿದರು.

"ನನಗ ಇನ್ನೊಂದು ಕೂಸು ಬ್ಯಾಡ್ರಿ. ಮೂರ ಅದಾವ, ಸಾಕು. ಬೇಕಾದ್ರ ಆಪರೇಶನ್ ಮಾಡಿಬಿಡ್ರಿ."

"ಫಿಟ್ಸ್ ಇರೋವರಿಗೆ ಆಪರೇಷನ್ ಮಾಡೋಕೆ ನಾನು ಒಪ್ಪಲ್ಲಮ್ಮ. ಮೊದಲು ಫಿಟ್ಸ್ ನಿಲ್ಲಲಿ."

"ಅದನ್ನ ನಿಲ್ಲಸಾಕ ಗುಳಿಗಿ ಕೇಳಾಕತ್ತೇನ್ರಿ!"

"ಗುಳಿಗೆ ತಗೊಂಡ ಮೇಲೆ ಬಸುರಿಯಾದರೆ?"

ಗಾಣದೆತ್ತಿನ ಹಾಗೆ ಮಾತು ಸುತ್ತಿ ಸುತ್ತಿ ಅಲ್ಲಿಗೇ ಬಂತು. ರಂಗವ್ವ ಸೆರಗು ಸರಿಸಿ ಸುಟ್ಟ ಕೈಯನ್ನು ಮೇಜಿನ ಮೇಲೆ ಇಟ್ಟಳು. "ಆ ಕೂಸು ಇನ್ನೂ ಹುಟ್ಟಿಲ್ರಿ. ಈ ಕೈ ಈಗ ಐತಿ."

ಡಾಕ್ಟರು ನಿಜವಾಗಿಯೂ ಮರುಗಿದರು. ಹಳದಿ ಮುಲಾಮಿನ ಡಬ್ಬಿ ತೆಗೆದರು. ಮುಚ್ಚಳ ತೆಗೆಯುವ ಮೊದಲು ಅನುಮಾನ ಬಂದು ಒಂದು ದಪ್ಪ ಪುಸ್ತಕ ತೆಗೆದು ಓದಿದರು. ಬಸುರಿಯರಿಗೆ ಅದು ಆಗುತ್ತದೋ ಇಲ್ಲವೋ ಎಂಬುದು ಅದರಲ್ಲಿ ಸ್ಪಷ್ಟವಾಗಿ ಇರಲಿಲ್ಲವಂತೆ. ಡಬ್ಬಿ ಕಪಾಟಿಗೆ ವಾಪಸು ಹೋಯಿತು. "ಕೊಬ್ಬರಿ ಎಣ್ಣೆ ಹಚ್ಚಿಕೋ," ಎಂದರು.

ಅವಳ ಹಿಂದೆ ನಿಂತವನು ಸೈಕಲ್ ರಿಪೇರಿಯ ಯಮನಪ್ಪ. ಅವನಿಗೂ ಅದೇ ರೋಗ. ಈ ತಿಂಗಳು ಎಷ್ಟು ಸಲ ಬಂತು ಎಂದು ಡಾಕ್ಟರು ಕೇಳಿದರು, ಅವನು ಹೇಳಿದ, ಗುಳಿಗೆಯ ಪೊಟ್ಟಣ ಅವನ ಕೈಗೆ ಬಂತು. ಯಮನಪ್ಪನಿಗೆ ಆರು ಮಕ್ಕಳು, ಏಳನೆಯದು ಹೆಂಡತಿಯ ಹೊಟ್ಟೆಯಲ್ಲಿತ್ತು. ಅದರ ಸುದ್ದಿಯನ್ನು ಯಾರೂ ತೆಗೆಯಲಿಲ್ಲ.

ರಂಗವ್ವನಿಗೆ ಸಿಟ್ಟು ನೆತ್ತಿಗೇರಿತು. ಇಳಕಲ್ಲಿನ ಔಷಧದಂಗಡಿಗೆ ಹೋಗಿ ಕೇಳಿದಳು. ಡಾಕ್ಟರ ಚೀಟಿ ಇಲ್ಲದೆ ಕೊಡುವುದಿಲ್ಲ ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ಯಮನಪ್ಪನ ಪೊಟ್ಟಣವನ್ನೇ ನೆನೆಯುತ್ತ ಕೂತಳು. ರೋಗ ಒಂದೇ, ಗುಳಿಗೆ ಒಂದೇ. ತನಗೆ ಕಡಿಮೆಯಿದ್ದದ್ದು ಮೀಸೆ ಮಾತ್ರ. ಆ ಮೀಸೆ ಕಾರಹುಣ್ಣಿಮೆಗೆ ಮನೆಗೆ ಬರುವುದಿತ್ತು.

ಗಂಡ ಬಂಡೆಪ್ಪ ಕಟ್ಟುಮಸ್ತಾದ ಆಳು. ಹೆಗಲ ಮೇಲೆ ಕರಿ ಕಂಬಳಿ, ಕಿವಿ ಮುಟ್ಟುವ ಮೀಸೆ. ತೋಳಕ್ಕೆ ಹೆದರಿದವನಲ್ಲ. ವರ್ಷಕ್ಕೊಮ್ಮೆ ಕುಲದೇವರು ಬೀರಪ್ಪ ಅವನ ಮೈಮೇಲೆ ಬಂದು ಮಳೆ ಬೆಳೆಯ ಹೇಳಿಕೆ ಹೇಳುತ್ತಿದ್ದ. ಹೀಗಾಗಿ ಊರಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಕಡಿಮೆ.

"ನೀ ದವಾಖಾನ್ಯಾಗ ಬೀಳಬೇಕು," ಎಂದಳು ರಂಗವ್ವ.

"ಯಾಕ? ನನಗೇನ ಆಗೈತಿ?"

"ಏನೂ ಆಗಿಲ್ಲ. ಅದಕ್ಕ ನಿನಗ ಕೊಡ್ತಾರ. ನನ್ನ ರೋಗ ನಿನಗ ಬಂದೈತಿ ಅಂತ ಹೇಳು. ಗುಳಿಗಿ ನಾ ನುಂಗ್ತೇನಿ."

"ಥೂ! ಬಂಡೆಪ್ಪಗ ಫಿಟ್ಸ್ ಬರ್ತಾವಂದ್ರ ಮಂದಿ ಮುಂದ ನನ್ನ ಮರ್ಯಾದಿ ಏನ ಉಳೀತು?"

ರಂಗವ್ವ ಸುಟ್ಟ ಕೈಯನ್ನು ತಂದು ಅವನ ತೊಡೆಯ ಮೇಲಿಟ್ಟಳು. ಅಷ್ಟು ತಿಂಗಳು ಅಡವಿಯಲ್ಲಿದ್ದವನು ಅದನ್ನು ನೋಡಿದ್ದು ಆವಾಗಲೇ. ಮೀಸೆಯ ಮೇಲಿದ್ದ ಕೈ ತಾನಾಗಿ ಕೆಳಗಿಳಿಯಿತು.

"ಹೆಂಗ ಬೀಳಬೇಕು, ತೋರಸು," ಎಂದ.

"ನನಗೇನ ಗೊತ್ತು? ಬಿದ್ದಾಗ ನನಗ ಎಚ್ಚರ ಇರಂಗಿಲ್ಲ."

ಕೊನೆಗೆ ಮಾಡಿ ತೋರಿಸಿದವಳು ಸಣ್ಣ ಮಗಳು. ನೆಲಕ್ಕೆ ಬಿದ್ದಳು, ಕೈಕಾಲು ಸೆಟೆದಳು, ಬಾಯಿಯ ಒಂದು ಮೂಲೆಯಲ್ಲಿ ಜೊಲ್ಲು ಬಿಟ್ಟಳು. ಎಷ್ಟು ಸಲ ನೋಡಿದ್ದಳೋ ಏನೋ, ಒಂದೂ ಬಿಡಲಿಲ್ಲ. ತಾನು ಹೇಗೆ ಕಾಣುತ್ತೇನೆಂದು ರಂಗವ್ವನಿಗೆ ತಿಳಿದದ್ದು ಆವತ್ತು. ಮಗಳನ್ನು ಎಬ್ಬಿಸಿ ಸೆರಗಿನಿಂದ ಬಾಯಿ ಒರೆಸಿದಳು.

ಮರುದಿನ ಬಂಡೆಪ್ಪ ದವಾಖಾನೆಯ ಪಾಳಿಯಲ್ಲಿ ನಿಂತು, ತನ್ನ ಸರದಿ ಬಂದಾಗ ಧಡ್ಡನೆ ಬಿದ್ದ. ಬಿದ್ದದ್ದೇನೋ ಸರಿಯಾಗಿಯೇ ಇತ್ತು. ಆದರೆ ಅವನ ಮೈಗೆ ರೂಢಿಯಿದ್ದದ್ದು ಒಂದೇ ನಡುಕ. ಕೈಕಾಲು ನಡುಗತೊಡಗಿದ ಕೂಡಲೇ ಬಾಯಿ ತನ್ನ ಕೆಲಸ ಶುರು ಮಾಡಿತು. "ಹೋ! ಮುಂಗಾರಿ ತಡಾ ಆದೀತು! ಹಿಂಗಾರಿ ಕೈ ಹಿಡದೀತಲೇ ಮಕ್ಕಳ್ರಾ!"

ಪಾಳಿಯಲ್ಲಿದ್ದವರೆಲ್ಲ ಕೈ ಮುಗಿದರು. ಹೊಟ್ಟೆನೋವಿಗೆ ಬಂದಿದ್ದ ಮುದುಕನೊಬ್ಬ ಮುಂದೆ ಬಂದು, "ತಂದೆ, ನನ್ನ ಎಮ್ಮಿ ಯಾವಾಗ ಈದೀತು?" ಎಂದು ಕೇಳಿಯೇಬಿಟ್ಟ. ರಂಗವ್ವ ಗಂಡನ ಕಾಲಿನ ಹೆಬ್ಬೆರಳನ್ನು ಜೋರಾಗಿ ತುಳಿದಳು. ಬಂಡೆಪ್ಪನಿಗೆ ನೆನಪಾಗಿ ಹಲ್ಲು ಕಚ್ಚಿದ, ಮಗಳು ಹೇಳಿಕೊಟ್ಟ ಕಡೆಯಿಂದಲೇ ಜೊಲ್ಲು ಬಿಟ್ಟ.

"ಬಡಬಡಿಸೋದೂ ಈ ಕಾಯಿಲೆಯ ಲಕ್ಷಣವೇ," ಎಂದರು ಡಾಕ್ಟರು. ಹೆಸರೇನು ಎಂದು ಕೇಳಿದರು, ಮತ್ತೇನೂ ಕೇಳಲಿಲ್ಲ. ಗುಳಿಗೆಯ ಪೊಟ್ಟಣ ರಂಗವ್ವನ ಕೈಗೆ ಕೊಟ್ಟರು. "ಗಂಡನಿಗೆ ತಪ್ಪದೆ ಕೊಡಬೇಕಮ್ಮ."

"ತಪ್ಪಸಂಗಿಲ್ರಿ," ಎಂದಳು ರಂಗವ್ವ.

ಅವಳು ತಪ್ಪಿಸಲಿಲ್ಲ. ಮೊದಲ ತಿಂಗಳು ಒಂದು ಸಲ ಬಂತು, ಆಮೇಲೆ ನಿಂತೇಹೋಯಿತು. ಭಯವಿಲ್ಲದೆ ಒಲೆಯ ಮುಂದೆ ಕೂತು ಬುಟ್ಟಿ ತುಂಬ ರೊಟ್ಟಿ ಬಡಿದ ದಿನ ಅವಳು ಯಾರೂ ಇಲ್ಲದಾಗ ಅತ್ತುಬಿಟ್ಟಳು. ಇತ್ತ ಬಂಡೆಪ್ಪನ ಮರ್ಯಾದೆ ಅವನು ಹೆದರಿದ ಹಾಗೇ ಹೋಯಿತು. ಇಷ್ಟು ವರ್ಷ ಇವನ ಮೈಮೇಲೆ ಬಂದದ್ದು ಬೀರಪ್ಪನೋ ಫಿಟ್ಸೋ ಎಂದು ಹಿರಿಯರಿಗೆ ಅನುಮಾನ ಹುಟ್ಟಿ, ಆ ವರ್ಷದ ಹೇಳಿಕೆಯನ್ನು ಅವನ ದಾಯಾದಿ ಬೀರಲಿಂಗಪ್ಪನಿಗೆ ವಹಿಸಿದರು. ಬಂಡೆಪ್ಪ ಒಂದು ದಿನ ಊಟ ಬಿಟ್ಟ. ಮರುದಿನ ಹೆಂಡತಿ ಬಡಿದ ಬಿಸಿ ರೊಟ್ಟಿ ಮುರಿಯುತ್ತ, "ಖರೆ ಏನಂತ ಬೀರಪ್ಪಗ ಗೊತ್ತೈತಿ, ಬಿಡು," ಎಂದ. ದೀಪಾವಳಿಗೆ ಅವನು ಕುರಿ ಹೊಡೆದುಕೊಂಡು ಹೋದ ಮೇಲೆ ರಂಗವ್ವನೇ ತಿಂಗಳಿಗೊಮ್ಮೆ ಹೋಗಿ ಗಂಡನ ಹೆಸರಿನ ಗುಳಿಗೆ ತರುತ್ತಿದ್ದಳು.

ಇಂಥ ಉಪಾಯ ಗುಟ್ಟಾಗಿ ಉಳಿಯುವುದುಂಟೇ? ಇಳಕಲ್ಲಿನ ಮಗ್ಗಗಳಿಗೆ ನೂಲು ಸುತ್ತಿ ಕೊಡುತ್ತಿದ್ದ ಶಮಶಾದಬಿಗೆ ಬೆರಳಿನ ಗಂಟುಗಳು ಬಾತು, ಅವಳಿಗೂ ದವಾಖಾನೆಯಲ್ಲಿ ಇದೇ ಉತ್ತರ ಸಿಕ್ಕಿತ್ತು. ಮುಂದಿನ ವಾರ ಅವಳ ಗಂಡ ಇಬ್ರಾಹಿಂಸಾಬ ಗಟ್ಟಿಮುಟ್ಟಾದ ಬೆರಳುಗಳನ್ನು ಮಡಚಿಕೊಂಡು ನರಳುತ್ತ ಬಂದ. ಅವನ ಹಿಂದೆ ಅರ್ಧ ತಲೆ ಹಿಡಿದುಕೊಂಡು ಒಬ್ಬ, ಎದೆ ಡವಡವ ಅನ್ನುತ್ತದೆಂದು ಇನ್ನೊಬ್ಬ. ಆ ವರ್ಷ ಸುತ್ತಲಿನ ಹಳ್ಳಿಗಳಲ್ಲಿ ಗಂಡಸರ ಆರೋಗ್ಯ ಪೂರಾ ಕೆಟ್ಟುಹೋಗಿ ಹೆಂಗಸರ ಆರೋಗ್ಯ ಸುಧಾರಿಸಿತು. ಕುಡಿಯುವ ನೀರಿನಲ್ಲೇ ಏನೋ ದೋಷವಿದೆ ಎಂದು ಡಾಕ್ಟರು ಬಿಜಾಪುರಕ್ಕೆ ಬರೆದರು. ಹೆಂಗಸರೂ ಅದೇ ನೀರನ್ನು ಕುಡಿಯುತ್ತಾರೆಂಬುದು ಅವರಿಗೆ ಹೊಳೆಯಲಿಲ್ಲ.

ಸಾವಂತ್ರವ್ವನ ಸಲುವಾಗಿ ಮಾತ್ರ ಬೀಳುವವರು ಯಾರೂ ಇರಲಿಲ್ಲ. ರಂಗವ್ವನ ಓಣಿಯವಳೇ, ಅವಳಿಗೂ ಫಿಟ್ಸ್. ಗಂಡ ಸತ್ತು ಬಹಳ ವರ್ಷವಾಗಿತ್ತು. ಅದನ್ನೇ ಹೇಳಿ ಗುಳಿಗೆ ಕೇಳಿದರೆ ಡಾಕ್ಟರು, "ವಿಧವೆ ಅಂತೀಯ, ಸರಿ. ಆದರೂ ವಯಸ್ಸಿದೆ. ನಾಳೆ ಏನಾದರೂ ಹೆಚ್ಚುಕಮ್ಮಿ ಆದರೆ?" ಎಂದಿದ್ದರು. ಊರಿನವರು ಯಾರಾದರೂ ಈ ಮಾತಾಡಿದ್ದರೆ ಸಾವಂತ್ರವ್ವ ಕಾಲಿನದು ಕೈಗೆ ತೆಗೆದುಕೊಳ್ಳುತ್ತಿದ್ದಳು. ಡಾಕ್ಟರು ಆಡಿದ್ದರಿಂದ ತಲೆ ತಗ್ಗಿಸಿ ಮನೆಗೆ ಬಂದಳು.

"ನಿನಗ ಗಂಡ ಅದಾನ, ಬೀಳ್ತಾನ," ಎಂದಳು ರಂಗವ್ವನ ಮುಂದೆ. "ನಾ ಯಾರನ್ನ ಬೀಳ್ಸಲೇ ಯವ್ವಾ?"

ರಂಗವ್ವ ತನ್ನ ಪೊಟ್ಟಣದಲ್ಲೇ ಅರ್ಧ ಕೊಟ್ಟಳು. ತಿಂಗಳು ತುಂಬುವುದರೊಳಗೆ ಇಬ್ಬರೂ ಬಿದ್ದರು. ಒಬ್ಬಳ ಪಾಲಿನದನ್ನು ಇಬ್ಬರು ತಿಂದರೆ ಇಬ್ಬರಿಗೂ ಸಾಲದೆಂದು ಗೊತ್ತಾಯಿತು.

ಮರುವರ್ಷ ಕಾರಹುಣ್ಣಿಮೆ ಕಳೆದ ಮೇಲೆ, ನೀರಿನ ದೋಷ ನೋಡಲು ಬಿಜಾಪುರದಿಂದ ದೊಡ್ಡ ಡಾಕ್ಟರು ಜೀಪಿನಲ್ಲಿ ಬಂದರು. ನಮ್ಮ ಡಾಕ್ಟರು ಬಂಡೆಪ್ಪನನ್ನು ಕರೆಸಿ ಮುಂದೆ ನಿಲ್ಲಿಸಿದರು. ಬಂಡೆಪ್ಪ ಹೊಸ ರುಮಾಲು ಸುತ್ತಿಕೊಂಡು ಬಂದಿದ್ದ. ಪಕ್ಕದಲ್ಲಿ ರಂಗವ್ವ, ಬಾಗಿಲ ಹೊರಗೆ ಪಾಳಿಯಲ್ಲಿ ಸಾವಂತ್ರವ್ವ.

"ಒಂದು ವರ್ಷದಿಂದ ಈತನಿಗೆ ಒಂದೂ ಫಿಟ್ಸ್ ಬಂದಿಲ್ಲ ಸರ್. ಗುಳಿಗೆ ಅಷ್ಟು ಚೆನ್ನಾಗಿ ಕೆಲಸ ಮಾಡಿದೆ," ಎಂದರು ಡಾಕ್ಟರು. ಆಮೇಲೆ ರಂಗವ್ವನ ಕಡೆ ಬೆರಳು ಮಾಡಿ, "ಈಕೆಗೂ ಫಿಟ್ಸ್ ಇತ್ತು. ಬಸುರಿಯಾದಾಳು ಅಂತ ನಾನು ಏನೂ ಕೊಡಲಿಲ್ಲ. ಈಗ ನೋಡಿ, ತಾನೇ ಹೋಗಿದೆ. ಹೆಂಗಸರದ್ದು ಬರೀ ಹೆದರಿಕೆ ಸರ್," ಎಂದರು.

"ಹಾಗಾದರೆ ಹೆಂಗಸರಿಗೆ ಕೊಡದೇ ಇರೋದೇ ಒಳ್ಳೆಯದು," ಎಂದು ದೊಡ್ಡ ಡಾಕ್ಟರು ತಲೆಯಾಡಿಸಿದರು.

ರಂಗವ್ವನ ಮೈಯೆಲ್ಲ ಉರಿಯಿತು. ತಾನು ಚೆನ್ನಾಗಿದ್ದದ್ದೇ ಸಾವಂತ್ರವ್ವನಿಗೆ ಮುಳುವಾಯಿತಲ್ಲ! ಇದ್ದದ್ದನ್ನು ಇದ್ದ ಹಾಗೆ ಹೇಳಲು ಬಾಯಿ ತೆರೆದಳು. ಹೇಳಿದರೆ ನಾಳೆಯಿಂದ ತನ್ನ ಪೊಟ್ಟಣವೂ ಇಲ್ಲ, ಮತ್ತೆ ಅದೇ ಒಲೆ, ಅದೇ ಹಂಚು. ಬಾಯಿ ಮುಚ್ಚಿದಳು. ಬಾಗಿಲ ಹೊರಗಿಂದ ಸಾವಂತ್ರವ್ವ ಇವಳನ್ನೇ ನೋಡುತ್ತಿದ್ದಳು. ರಂಗವ್ವ ಕಾಲೆತ್ತಿ ಬಂಡೆಪ್ಪನ ಹೆಬ್ಬೆರಳು ತುಳಿದಳು.

ಬಂಡೆಪ್ಪ ಹೆಂಡತಿಯ ಮುಖ ನೋಡಿದ, ಆಮೇಲೆ ಬಾಗಿಲ ಕಡೆ ನೋಡಿದ. ತಲೆಯ ಮೇಲಿನ ಹೊಸ ರುಮಾಲನ್ನು ತೆಗೆದು ಮೇಜಿನ ಮೇಲಿಟ್ಟ. ಬಿದ್ದ.

"ಹೋ!" ಎಂದು ಅಬ್ಬರಿಸಿದ. "ಗುಳಿಗಿ ನುಂಗಿದಾಕಿ ಆಕಿ! ನೆಟ್ಟಗ ಆದಾಕಿ ಆಕಿ! ಹುಟ್ಟಲಾರದ ಕೂಸಿನ ಚಿಂತಿ ಬಿಟ್ಟು ಹುಟ್ಟಿದ ಹೆಣ್ಣಮಕ್ಕಳ ಕಡೆ ನೋಡ್ರಲೇ ಮಕ್ಕಳ್ರಾ!"

ಪಾಳಿಯ ಮಂದಿ ಕೈ ಮುಗಿದು ನಿಂತರು. ಯಮನಪ್ಪನಂತೂ ನೆಲಕ್ಕೆ ಹಣೆ ಹಚ್ಚಿದ. ಡಾಕ್ಟರುಗಳಿಬ್ಬರೂ ಬಗ್ಗಿ, ಒಂದು ಮಾತೂ ಬಿಡದೆ ಪೂರಾ ಕೇಳಿದರು.

"ಮಾತಿಗೆ ತಲೆಬುಡ ಇಲ್ಲ," ಎಂದರು ದೊಡ್ಡ ಡಾಕ್ಟರು. "ಡೋಸ್ ಎರಡರಷ್ಟು ಮಾಡಿ."

ಸಂಜೆ ಮೂವರೂ ಕೂಡಿ ಊರಿಗೆ ನಡೆದರು. ಒಂದು ಪೊಟ್ಟಣ ರಂಗವ್ವನ ಸೆರಗಿನಲ್ಲಿತ್ತು, ಇನ್ನೊಂದು ಸಾವಂತ್ರವ್ವನ ಸೆರಗಿನಲ್ಲಿ.

"ಖರೆ ಹೇಳು," ಎಂದಳು ರಂಗವ್ವ ಗಂಡನಿಗೆ. "ಅದು ಬೀರಪ್ಪ ಆಡಿಸಿದ್ದೋ, ನೀ ಆಡಿದ್ದೋ?"

"ನನಗೇನ ಗೊತ್ತು? ಬಿದ್ದಾಗ ನನಗ ಎಚ್ಚರ ಇರಂಗಿಲ್ಲ," ಎಂದ ಬಂಡೆಪ್ಪ.

ಬೀಳುವಾಗ ಬೆಂಚಿನ ಮೂಲೆ ಬಡಿದು ಅವನ ಹಣೆಯ ಮೇಲೆ ಲಿಂಬೆಕಾಯಿಯಷ್ಟು ಬಾವು ಎದ್ದಿತ್ತು. ಡಾಕ್ಟರು ತಾವೇ ಕಪಾಟಿನಿಂದ ಹಳದಿ ಮುಲಾಮು ತೆಗೆದು ಅದಕ್ಕೆ ಹಚ್ಚಿ ಕಳಿಸಿದ್ದರು, ಪುಸ್ತಕ ತೆಗೆದು ನೋಡದೆ.