ಮೂಲದೊಡನೆ ತಾಳೆ ನೋಡಲಾಗಿದೆ

ಕಂಪ್ಯೂಟರ್ ಮೇಲೆ ಲೀಲಾವತಿಗೆ ಯಾವ ಸಿಟ್ಟೂ ಇರಲಿಲ್ಲ. ಸಿಟ್ಟೆಲ್ಲ ಅದರ ಮುಂದೆ ಕೂರುವ ಗಂಡನ ಮೇಲೆ. ಸೂರ್ಯನಾರಾಯಣ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಜೀವಮಾನವೆಲ್ಲ ನಕಲುಗಳನ್ನು ಮೂಲಪ್ರತಿಯ ಜೊತೆ ತಾಳೆ ನೋಡಿ ರುಜು ಹಾಕಿದವರು. ಲೋಧಿ ಕಾಲೋನಿಯ ಕ್ವಾರ್ಟರ್ಸಿನಲ್ಲೂ ಅದೇ ಚಾಳಿ. ಮಗಳ ನಿಶ್ಚಿತಾರ್ಥಕ್ಕೆ ಹೂವಿನ ಭಯ್ಯಾ ತಂದಿಟ್ಟ ಮಾಲೆಯನ್ನೂ ಅವನು ತೋರಿಸಿದ್ದ ಮಾದರಿಯ ಪಕ್ಕ ಹಿಡಿದು ನೋಡುವ ಮನುಷ್ಯ. ಮಂತ್ರಕ್ಕಿಂತ ಉಗುಳೇ ಹೆಚ್ಚು ಎಂದು ಅವಳು ಗೊಣಗಿ ಸುಮ್ಮನಾಗುತ್ತಿದ್ದಳು.

ಈ ಸಲ ಮಾತ್ರ ಸುಮ್ಮನಾಗುವ ಹಾಗಿರಲಿಲ್ಲ. ಗಂಟಲಿನ ಆಪರೇಷನ್ ಆದ ಮೇಲೆ ಲೀಲಾವತಿಯ ದನಿ ಮಾತಿಗೆ ಸಾಕು, ಹಾಡಿಗೆ ಸಾಲದು ಎಂಬಂತಾಗಿತ್ತು. ಮೊದಲು ಹಾಡಿದ್ದೆಲ್ಲ ಉಳಿದದ್ದು ಒಂದೇ ಒಂದು ಸಿಡಿಯಲ್ಲಿ. ಪಕ್ಕದ ಬ್ಲಾಕಿನ ಅಹಲ್ಯಾ ತನ್ನ ಭಜನಾ ಮಂಡಳಿಯವರ ಹಾಡುಗಳನ್ನು ರೆಕಾರ್ಡ್ ಮಾಡಿಸಿ ಇಟ್ಟುಕೊಂಡಿದ್ದ ಸಿಡಿ ಅದು. ಅದರಲ್ಲಿ ಲೀಲಾವತಿ ಒಬ್ಬಳೇ ಹಾಡಿದ ಆರತಿ ಹಾಡೊಂದಿತ್ತು. ಅವಳ ಅಜ್ಜಿ ಕಟ್ಟಿದ ಹಾಡು. ಅವರ ಮನೆತನದಲ್ಲಿ ಹೆಣ್ಣುಮಗಳ ನಿಶ್ಚಿತಾರ್ಥಕ್ಕೆ ತಾಯಿಯೇ ಅದನ್ನು ಹಾಡಬೇಕು, ಅದೀಗ ಬೇರೆ ಯಾರಿಗೂ ಬಾರದು. ಭಾನುವಾರ ಅಮೂಲ್ಯಳ ನಿಶ್ಚಿತಾರ್ಥ, ಮನೆಯಲ್ಲೇ. ಬಾಯಿಂದ ಆಗದಿದ್ದರೆ ಸ್ಪೀಕರಿನಿಂದಾದರೂ ತನ್ನ ದನಿ ಮಗಳ ತಲೆಯ ಮೇಲೆ ಬೀಳಲಿ ಎಂಬುದೊಂದೇ ಅವಳ ಆಸೆ.

ಅಹಲ್ಯಾಳ ಗಂಡನಿಗೆ ಗುವಾಹಟಿಗೆ ವರ್ಗವಾಗಿ, ಶನಿವಾರ ಅವರ ರೈಲು. "ಕಾಪಿ ಮಾಡ್ಕೊಂಡು ವಾಪಸ್ ಕೊಟ್ಬಿಡಿ, ನನ್ನ ಹತ್ರ ಇರೋದೂ ಇದೊಂದೇ," ಎಂದು ಅವಳು ಸಿಡಿ ಕೊಟ್ಟು ಹೋಗಿದ್ದಳು.

ಗುಡಗಾಂವಿನ ಆಫೀಸಿನಿಂದ ಬಂದ ಅಮೂಲ್ಯ ಬ್ಯಾಗೂ ಇಳಿಸದೆ ಹೇಳಿದಳು: "ಪಪ್ಪಾ, ನಾನು ಎಂಪಿ ಥ್ರೀಗೆ ಕನ್ವರ್ಟ್ ಮಾಡ್ಕೊಡ್ತೀನಿ. ಛೋಟಾ ಸಾ ಕಾಮ್ ಹೈ."

"ಕನ್ವರ್ಟ್ ಅಂದ್ರೆ ಒಂದನ್ನ ಇನ್ನೊಂದು ಮಾಡೋದು. ಅದು ತಿದ್ದುಪಡಿ," ಅಂದರು ಸೂರ್ಯನಾರಾಯಣ. "ನಿಮ್ಮಮ್ಮನ ಹಾಡಿಗೆ ತಿದ್ದುಪಡಿ ಬೇಡ. ಇದ್ದದ್ದು ಇದ್ದ ಹಾಗೇ ನಕಲಾದ್ರೆ ಸಾಕು."

ಸಿಡಿಯೊಳಗಿನ ಹಾಡುಗಳನ್ನು ಮೌಸಿನಿಂದ ಎಳೆದು ತಮ್ಮ ಹೆಸರಿನ ಫೋಲ್ಡರಿಗೆ ಹಾಕಿದರು. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಬಂದು ಕೂತವು. ನಮ್ಮ ಸೆಕ್ಷನ್ನಿನವರು ಇಷ್ಟು ಚುರುಕಾಗಿದ್ದಿದ್ದರೆ ದೇಶ ಎಲ್ಲಿರುತ್ತಿತ್ತು ಎಂದು ಯಂತ್ರವನ್ನು ಹೊಗಳಿದರು. ಆಮೇಲೆ ಶುರುವಾಯಿತು ತಾಳೆ ನೋಡುವ ಕೆಲಸ. ತಾಳೆ ನೋಡಬೇಕಾದರೆ ಮೂಲ ಎದುರಿಗಿರಬೇಕೆಂದು ಸಿಡಿಯನ್ನು ಒಳಗೇ ಬಿಟ್ಟರು. ಸಿಡಿಯ ಹಾಡು ಒಮ್ಮೆ, ನಕಲಿನ ಹಾಡು ಒಮ್ಮೆ, ಅದೂ ಪೂರ್ತಿ. ನಡುವೆ ಕರೆಂಟ್ ಹೋದರೆ ಮತ್ತೆ ಮೊದಲಿನಿಂದ. ಆರತಿ ಹಾಡಿನ ಹೊತ್ತಿಗೇ ಕರೆಂಟು ಹೋಗುವುದೂ ಒಂದು ಶಾಸ್ತ್ರವಾಯಿತು.

ಅಡುಗೆಮನೆಯಲ್ಲಿ ರವೆ ಹುರಿಯುತ್ತಿದ್ದ ಲೀಲಾವತಿಗೆ ಸಂಜೆ ಸಂಜೆಯೂ ಇದೇ ಗೋಳು. ಕಳೆದುಕೊಂಡ ದನಿ ಪಕ್ಕದ ಕೋಣೆಯಲ್ಲಿ ಸಲೀಸಾಗಿ ಹಾಡುತ್ತಿದ್ದರೆ ಅವಳಿಗೆ ಸಂಕಟವಾಗುತ್ತಿತ್ತು.

"ಸಾಕು ಮಾಡ್ತೀರಾ?" ಎಂದು ಸೌಟು ಹಿಡಿದೇ ಬಂದಳು.

"ಎರಡನೇ ನುಡೀಲಿ ಸಣ್ಣಗೆ ಕೆಮ್ಮಿದ್ದೀಯ. ನಕಲಲ್ಲೂ ಇದೆ," ಅಂದರು ಅವರು, ತೃಪ್ತಿಯಿಂದ.

ಶನಿವಾರ ತಾವೇ ಸ್ಟೇಷನ್ನಿಗೆ ಹೋಗಿ, ಸಿಡಿಯನ್ನು ಅಹಲ್ಯಾಳ ಕೈಗೇ ಒಪ್ಪಿಸಿ ಬಂದರು.

ಭಾನುವಾರ ಬೆಳಿಗ್ಗೆ, ಊರಿನ ಇನ್ನೊಂದು ತುದಿಯ ದ್ವಾರಕಾದಿಂದ ಗಂಡಿನವರು ಹೊರಟಾಗಿದೆ ಎಂದು ಫೋನ್ ಬಂದ ಮೇಲೆ, ಸೂರ್ಯನಾರಾಯಣ ಆರತಿ ಹಾಡನ್ನು ಒತ್ತಿದರು. ಸಿಡಿ ಹಾಕಿ ಎಂದು ಯಂತ್ರ ಕೇಳಿತು. ಯಾವುದೋ ಒಂದು ಸಿಡಿ ಇದ್ದರೆ ಸಾಕೇನೋ ಎಂದು, ಮೇಜಿನ ಮೇಲಿದ್ದ ಮಗಳ ಸಿಡಿಯನ್ನು ತುರುಕಿ ಮತ್ತೆ ಒತ್ತಿದರು. 'ಲೀಲಾವತಿ ಆರತಿ' ಎಂದು ಅವರೇ ಹೆಸರಿಟ್ಟ ಹಾಡಿನಿಂದ ಪಂಜಾಬಿ ಢೋಲು ಹೊರಬಿತ್ತು.

ಅಮೂಲ್ಯ ಅರ್ಧ ಉಟ್ಟ ಸೀರೆಯಲ್ಲೇ ಓಡಿ ಬಂದು ನೋಡಿದಳು. "ಪಪ್ಪಾ, ಇದ್ರಲ್ಲಿ ಹಾಡೇ ಇಲ್ಲ. ಸಿಡಿಯಲ್ಲಿ ಹಾಡು ಎಲ್ಲಿದೆ ಅನ್ನೋ ಅಡ್ರೆಸ್ ಇದೆ, ಬಸ್. ಅವತ್ತು ಸಿಡಿ ಅಂದರ್ ಥಾ, ಒಳಗೇ ಇತ್ತು, ಅದಕ್ಕೇ ಹಾಡು ಬಂತು."

"ನಾನು ಒಂದೊಂದನ್ನೂ ತಾಳೆ ನೋಡಿದ್ದೆನಲ್ಲ," ಅಂದರು ಅವರು.

"ನೋಡಿದ್ರಿ. ಸಿಡೀನ ಸಿಡಿ ಜೊತೇಲೇ ನೋಡಿದ್ರಿ," ಅಂದಳು ಲೀಲಾವತಿ. ಕೂಗಲು ದನಿಯೂ ಇರಲಿಲ್ಲ. ಅಹಲ್ಯಾಳ ಮೊಬೈಲಿಗೆ ಹಚ್ಚಿದರೆ ಸಿಗಲಿಲ್ಲ, ರೈಲು ಎಲ್ಲಿತ್ತೋ. ಸಿಕ್ಕಿದ್ದರೂ ಏನು, ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಈ ಮನುಷ್ಯನನ್ನು ಕಟ್ಟಿಕೊಂಡು ಇಷ್ಟು ವರ್ಷ ಬಾಳಿದ್ದಕ್ಕೆ ತನಗೇ ಯಾರಾದರೂ ಆರತಿ ಎತ್ತಬೇಕು ಅನ್ನಿಸಿತು.

ಗಂಡಿನವರು ಬಂದರು, ತಾಂಬೂಲ ಬದಲಾಯಿತು. ಅಮೂಲ್ಯ ಮಣೆಯ ಮೇಲೆ ಕೂತಳು. ಲೀಲಾವತಿ ತಟ್ಟೆ ಎತ್ತಿಕೊಂಡು, ಆದದ್ದಾಗಲಿ ಎಂದು ಬಾಯಿ ತೆರೆದಳು. ಮೊದಲ ಸಾಲಿನ ನಡುವೆಯೇ ದನಿ ಒಡೆದು ನಿಂತಿತು. ದ್ವಾರಕಾದ ಹೆಂಗಸರು ಸೆರಗು ಸರಿಮಾಡಿಕೊಂಡು ನೆಲ ನೋಡಿದರು. ಅವಳಿಗೆ ಅಳು ಬಂತು.

ಆಗ ಕಂಪ್ಯೂಟರ್ ಇದ್ದ ಮೂಲೆಯಿಂದ ಹಾಡು ಮುಂದುವರಿಯಿತು. ಸೂರ್ಯನಾರಾಯಣ, ಮೇಲಧಿಕಾರಿಯ ಮುಂದೆ ನಿಂತವರಂತೆ ಕೈಕಟ್ಟಿ, ಹಾಡುತ್ತಿದ್ದರು. ಜನ್ಮದಲ್ಲಿ ಹಾಡಿದವರಲ್ಲ. ಶ್ರುತಿ ಅತ್ತಿತ್ತ ಹೋಗುತ್ತಿತ್ತು, ಗಂಡಿನ ತಂದೆ ಮೀಸೆಯೊಳಗೆ ನಗುತ್ತಿದ್ದರು. ಆದರೆ ಅಜ್ಜಿಯ ಹಾಡಿನ ಒಂದಕ್ಷರವೂ ತಪ್ಪಿರಲಿಲ್ಲ. ಅವಳು ಎಳೆಯುತ್ತಿದ್ದಲ್ಲಿ ಎಳೆದರು, ಅವಳು ಉಸಿರು ತೆಗೆದುಕೊಳ್ಳುತ್ತಿದ್ದಲ್ಲೇ ತೆಗೆದುಕೊಂಡರು. ಎರಡನೇ ನುಡಿಗೆ ಬಂದಾಗ ನಿಂತು, ಸಣ್ಣಗೆ ಕೆಮ್ಮಿ, ಮುಂದುವರಿಸಿದರು.

ಲೀಲಾವತಿಗೆ ಕಣ್ಣೊರೆಸಿಕೊಳ್ಳಲು ಕೈ ಬಿಡುವಿರಲಿಲ್ಲ, ಹಾಗೇ ಆರತಿ ಎತ್ತಿದಳು.

ಮಂಗಳಾಕ್ಷತೆ ಬಿದ್ದ ಮೇಲೆ ಅವರ ಬಳಿ ಹೋಗಿ ಗೊಗ್ಗರು ದನಿಯಲ್ಲಿ ಗದರಿದಳು: "ಆ ಕೆಮ್ಮನ್ನಾದ್ರೂ ಬಿಡಬಾರದಿತ್ತಾ?"

"ಮೂಲದಲ್ಲಿದೆ," ಅಂದರು ಸೂರ್ಯನಾರಾಯಣ.